ಮನಸ್ಸಿನ ಕಷ್ಟ ಹೇಳಿಕೊಳ್ಳಲು ಜನ ಹೆದರದ ಹಾಗೆ ಮಾಡುವುದು ಹೇಗೆ?

ಮಾನಸಿಕ ಆರೋಗ್ಯದ ಬಗ್ಗೆ ಮುಕ್ತವಾಗಿ ಮಾತಾಡಬೇಕು ಅಂತ ಈಗ ಎಲ್ಲರೂ ಹೇಳುತ್ತಾರೆ. ಪೋಸ್ಟರ್ ಅಂಟಿಸುತ್ತಾರೆ, ಒಬ್ಬ ಡಾಕ್ಟರನ್ನು ಕರೆಸಿ ಭಾಷಣ ಮಾಡಿಸುತ್ತಾರೆ, ಕೊನೆಗೆ ಮೈಕ್ ಹಿಡಿದು 'ಯಾರಿಗಾದರೂ ಏನಾದರೂ ಕೇಳೋದಿದೆಯಾ?' ಅನ್ನುತ್ತಾರೆ. ಒಬ್ಬರೂ ಕೈ ಎತ್ತುವುದಿಲ್ಲ. ಅಲ್ಲಿಗೆ ಕಾರ್ಯಕ್ರಮ ಮುಗಿಯಿತು. ಈ ವಿಷಯದಲ್ಲಿ ಜನ ಬಾಯೇ ಬಿಡುವುದಿಲ್ಲ ಅಂತ ಆಮೇಲೆ ಬೇಜಾರು ಬೇರೆ.

ಬಾಯಿ ಬಿಡದೇ ಇರುವುದಕ್ಕೆ ಕಾರಣ ಇದೆ. ಹಿಂದೆ ಯಾರೋ ಬಾಯಿ ಬಿಟ್ಟಾಗ ಏನಾಯಿತು ಅನ್ನುವುದನ್ನು ಅವರು ನೋಡಿರುತ್ತಾರೆ. ಹೇಳಿಕೊಂಡವರ ವಿಷಯ ನಾಲ್ಕು ಜನರ ಬಾಯಿಗೆ ಬಿದ್ದದ್ದು, ಅವರಿಗೆ ಜವಾಬ್ದಾರಿ ಕೊಡಲು ಹಿಂದೆಮುಂದೆ ನೋಡಿದ್ದು, ಎದುರಿಗೆ ಬಂದಾಗ ಮಾತು ಬದಲಾಯಿಸಿದ್ದು, ಇದೆಲ್ಲ ಅವರ ಕಣ್ಣಿಗೆ ಬಿದ್ದಿರುತ್ತದೆ. ಮೊದಲನೆಯವರು ಹೇಳಿಕೊಂಡದ್ದನ್ನು ನಾವು ಹೇಗೆ ಕಾಪಾಡಿಕೊಂಡೆವು ಅನ್ನುವುದರ ಮೇಲೆ ಎರಡನೆಯವರು ಹೇಳಿಕೊಳ್ಳುತ್ತಾರೋ ಇಲ್ಲವೋ ಅನ್ನುವುದು ನಿಂತಿದೆ. ಹಾಗಾಗಿ ಕೆಲಸ ಶುರುವಾಗಬೇಕಾದ್ದು ಕೇಳಿಸಿಕೊಳ್ಳುವವರ ಕಡೆಯಿಂದ. ಕೆಳಗೆ ಬರೆದಿರುವುದೆಲ್ಲ ಅವರಿಗೇ.

ಇದು ಯಾವುದೋ ಕೆಲವರ ಸಮಸ್ಯೆ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಲೆಕ್ಕದಲ್ಲಿ ಪ್ರಪಂಚದ ಪ್ರತಿ 8 ಜನರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಖಿನ್ನತೆ ಮತ್ತು ಆತಂಕ, ಇವೆರಡೇ ಅದರಲ್ಲಿ ಜಾಸ್ತಿ. 40 ಜನ ಸೇರಿದ ಕಡೆ ಸುಮಾರು ಐದು ಜನ ಇದನ್ನು ಹೊತ್ತುಕೊಂಡೇ ಕೂತಿರುತ್ತಾರೆ, ನಗುತ್ತಲೂ ಇರುತ್ತಾರೆ. ಅವರ ಮನೆಯವರನ್ನೂ ಸೇರಿಸಿದರೆ ಈ ವಿಷಯ ತಟ್ಟದ ಮನೆ ಸಿಗುವುದೇ ಕಷ್ಟ.

ಎದುರಿಗಿಲ್ಲದವರ ಬಗ್ಗೆ ಏನು ಮಾತಾಡುತ್ತೀರಿ?

ಇದು ಮೊದಲ ಹೆಜ್ಜೆ. ಜಾಸ್ತಿ ಜನ ಇದನ್ನೇ ಬಿಟ್ಟುಬಿಡುತ್ತಾರೆ.

ನಾಲ್ಕೈದು ಜನ ಒಟ್ಟಿಗೆ ಊಟಕ್ಕೆ ಕೂತಿದ್ದೀರಿ ಅಂದುಕೊಳ್ಳಿ. ರಜೆ ಹಾಕಿ ಮನೆಯಲ್ಲಿರುವ ಒಬ್ಬರ ಮಾತು ಬರುತ್ತದೆ. 'ಅವಳಿಗೆ ಏನೋ ಡಿಪ್ರೆಷನ್ ಅಂತೆ' ಅಂತ ಒಬ್ಬರು ಅನ್ನುತ್ತಾರೆ. 'ಸುಮ್ನೆ ನಾಟಕ, ಕೆಲಸ ತಪ್ಪಿಸ್ಕೊಳ್ಳೋಕೆ' ಅಂತ ಇನ್ನೊಬ್ಬರು. ಎಲ್ಲರೂ ನಗುತ್ತಾರೆ. ಮೂಲೆಯಲ್ಲಿ ಕೂತವನೊಬ್ಬ ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ, ನಾಳೆ ನಿಮ್ಮ ಹತ್ತಿರ ಹೇಳಿಕೊಳ್ಳೋಣ ಅಂತಲೂ ಅಂದುಕೊಂಡಿದ್ದ. ಅವನೂ ಆ ನಗುವಿಗೆ ಸೇರಿಕೊಳ್ಳುತ್ತಾನೆ. ಇನ್ನು ಅವನು ಹೇಳುವುದಿಲ್ಲ. ನೀವು ನಕ್ಕಿದ್ದೀರಿ ಅಂತ ಅವನಿಗೆ ಗೊತ್ತು.

ಇಂಥ ಹೊತ್ತಿನಲ್ಲಿ ಭಾಷಣ ಬೇಡ. ಒಂದೇ ಮಾತು ಸಾಕು: 'ಅವಳ ವಿಷಯ ಅವಳೇ ಹೇಳಲಿ ಬಿಡಿ, ಹುಷಾರಾಗಿ ಬಂದರೆ ಸಾಕು.' ಇಷ್ಟು ಹೇಳಿ ಮಾತು ಬೇರೆ ಕಡೆ ತಿರುಗಿಸಿ. ನಕ್ಕವರಿಗೆ ಅವಮಾನ ಆಗುವುದಿಲ್ಲ, ಮೂಲೆಯಲ್ಲಿ ಕೂತವನಿಗೆ ಮಾತ್ರ ಅದು ಕೇಳಿಸುತ್ತದೆ. ಯಾರನ್ನಾದರೂ ಬೈಯುವಾಗ 'ಹುಚ್ಚ', 'ಮೆಂಟಲ್' ಅನ್ನುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ.

ಯಾರಾದರೂ ತಮ್ಮ ಜೀವ ತೆಗೆದುಕೊಂಡ ಸುದ್ದಿ ಬಂದಾಗ ಇನ್ನೂ ಹುಷಾರಾಗಿರಬೇಕು. ಹೇಗೆ, ಎಲ್ಲಿ, ಏನು ಬರೆದಿಟ್ಟಿದ್ದರು, ಈ ವಿವರಗಳು ಗುಂಪಿಂದ ಗುಂಪಿಗೆ ಫಾರ್ವರ್ಡ್ ಆಗುತ್ತಲೇ ಇರುತ್ತವೆ. ಇದರಿಂದ ನಿಜವಾಗಲೂ ಅಪಾಯ ಇದೆ. ಆಸ್ಟ್ರಿಯಾದ ವಿಯೆನ್ನಾದಲ್ಲಿ 1980ರ ದಶಕದಲ್ಲಿ ಸುರಂಗ ರೈಲಿನ ಹಳಿಗಳ ಮೇಲೆ ಸಾಯುವವರ ಸಂಖ್ಯೆ ಏರಿತ್ತು, ಪತ್ರಿಕೆಗಳು ಅದನ್ನು ಬಣ್ಣ ಬಣ್ಣವಾಗಿ ಬರೆಯುತ್ತಿದ್ದವು. 1987ರಲ್ಲಿ ತಜ್ಞರು ವರದಿ ಮಾಡುವ ರೀತಿಗೆ ಒಂದು ಮಾರ್ಗಸೂಚಿ ಕೊಟ್ಟರು, ಪತ್ರಿಕೆಗಳು ಒಪ್ಪಿದವು, ಸಾವುಗಳು ದಿಢೀರನೆ ಇಳಿದವು. ಅದೇ ದೇಶದ ಸಂಶೋಧಕರು 2010ರಲ್ಲಿ ಇನ್ನೊಂದು ವಿಷಯ ತೋರಿಸಿದರು: ಸಾಯಬೇಕು ಅನ್ನುವ ಯೋಚನೆ ಬಂದರೂ ಅದನ್ನು ದಾಟಿ ಬಂದವರ ಬಗ್ಗೆ ಪತ್ರಿಕೆಗಳಲ್ಲಿ ಬಂದಾಗ ಆತ್ಮಹತ್ಯೆಗಳು ಕಡಿಮೆ ಇದ್ದವು. ನಿಮ್ಮ ಗುಂಪಿಗೆ ಇಂಥ ಸುದ್ದಿ ಬಂದರೆ ವಿವರ ಹಂಚಬೇಡಿ, ಫೋಟೊ ಅಂತೂ ಬೇಡವೇ ಬೇಡ. 'ಈ ಸುದ್ದಿ ಕೇಳಿ ಯಾರಿಗಾದರೂ ಮನಸ್ಸು ಕಲಕಿದ್ದರೆ ನನಗೆ ಫೋನ್ ಮಾಡಿ' ಅಂತ ಒಂದು ಸಾಲು ಹಾಕಿ. ನಿಜವಾಗಲೂ ಫೋನ್ ಎತ್ತಿ.

ಕೇಳುವುದು

'ಹೇಗಿದ್ದೀಯಾ?' ಅಂದರೆ 'ಚೆನ್ನಾಗಿದ್ದೀನಿ' ಅಂತಲೇ ಉತ್ತರ ಬರುತ್ತದೆ. ನಾಲಿಗೆ ತಾನಾಗೇ ಹಾಗಂದುಬಿಡುತ್ತದೆ. ಹಾಗಾಗಿ ನೀವು ಕಂಡದ್ದನ್ನು ಹೇಳಿ, ಆಮೇಲೆ ಕೇಳಿ. 'ಒಂದು ತಿಂಗಳಿಂದ ನೀನು ಆಟಕ್ಕೆ ಬರ್ತಿಲ್ಲ, ಮೆಸೇಜ್ ನೋಡಿದ್ರೂ ಉತ್ತರ ಬರಲ್ಲ. ಮೊದಲು ಹೀಗಿರಲಿಲ್ಲ. ಏನಾದ್ರೂ ಕಷ್ಟ ಆಗ್ತಿದೆಯಾ?' ಇಲ್ಲಿ ತಪ್ಪು ಹೊರಿಸುವುದಿಲ್ಲ, ರೋಗದ ಹೆಸರೂ ಹಚ್ಚುವುದಿಲ್ಲ. 'ನಿನಗೆ ಡಿಪ್ರೆಷನ್ ಇರಬೇಕು ನೋಡು' ಅಂತ ಶುರು ಮಾಡಿದರೆ ಎದುರಿಗಿದ್ದವರು ತಕ್ಷಣ ತಮ್ಮನ್ನು ಸಮರ್ಥಿಸಿಕೊಳ್ಳೋಕೆ ಹೊರಡುತ್ತಾರೆ.

ಜಾಗ, ಹೊತ್ತು ಎರಡೂ ಮುಖ್ಯ. ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಎಷ್ಟೋ ಜನರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ. ಒಟ್ಟಿಗೆ ನಡೆಯುವಾಗ, ಗಾಡಿಯಲ್ಲಿ ಪಕ್ಕದಲ್ಲಿ ಕೂತಾಗ, ಪಾತ್ರೆ ತೊಳೆಯುವಾಗ ಮಾತು ಸಲೀಸಾಗಿ ಬರುತ್ತದೆ. ಗಂಡಸರ ವಿಷಯದಲ್ಲಂತೂ ಇದು ಇನ್ನೂ ನಿಜ. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ಶುರುವಾದ 'ಮೆನ್ಸ್ ಶೆಡ್' ಅನ್ನುವ ಜಾಗಗಳಲ್ಲಿ ನಿವೃತ್ತರಾದ ಗಂಡಸರು ಬಂದು ಮರಗೆಲಸ, ರಿಪೇರಿ ಮಾಡುತ್ತಾರೆ. ಕೈ ಕೆಲಸದಲ್ಲಿರುವಾಗ ಮಾತು ತಾನಾಗೇ ಹೊರಡುತ್ತದೆ, ಯಾರೂ 'ಬಾ, ನಿನ್ನ ದುಃಖ ಹೇಳು' ಅಂತ ಕೂರಿಸುವುದಿಲ್ಲ. ಆ ರೀತಿ ಈಗ ಎಷ್ಟೋ ದೇಶಗಳಿಗೆ ಹಬ್ಬಿದೆ.

ನಿಮಗೆ ಐದು ನಿಮಿಷ ಮಾತ್ರ ಇದ್ದರೆ ಕೇಳಬೇಡಿ. ಒಬ್ಬರು ಬಾಯಿ ತೆರೆದ ಮೇಲೆ ನೀವು ಗಡಿಯಾರ ನೋಡಿದರೆ ಅದು ಕೇಳದೇ ಇರುವುದಕ್ಕಿಂತ ಕೆಟ್ಟದ್ದು. ಎಲ್ಲರೂ ಇರುವ ವಾಟ್ಸಾಪ್ ಗುಂಪಿನಲ್ಲಂತೂ ಖಂಡಿತ ಕೇಳಬೇಡಿ.

ಎಷ್ಟೋ ಜನ ಮನಸ್ಸಿನ ವಿಷಯವನ್ನು ಮೈ ವಿಷಯವಾಗಿ ಹೇಳುತ್ತಾರೆ. ತಲೆ ಭಾರ, ಎದೆ ಹಿಡಿದ ಹಾಗಿದೆ, ಹೊಟ್ಟೆ ಸರಿ ಇಲ್ಲ, ಎಷ್ಟು ಮಲಗಿದರೂ ಸುಸ್ತು. ಅದನ್ನು ನೆಪ ಅಂದುಕೊಳ್ಳಬೇಡಿ, ಆ ನೋವು ನಿಜವಾಗಲೂ ಇರುತ್ತದೆ. ಬೇರೆ ಕಾಯಿಲೆಯೂ ಇರಬಹುದು, ಹಾಗಾಗಿ ಡಾಕ್ಟರಿಗೆ ತೋರಿಸುವುದು ಒಳ್ಳೆಯದೇ. 'ಈ ಸುಸ್ತು ಶುರುವಾದಾಗ ಬೇರೆ ಏನು ನಡೀತಿತ್ತು?' ಅಂತ ಮೆಲ್ಲಗೆ ಕೇಳಿ ನೋಡಿ. ಇನ್ನು ಕೆಲವರಲ್ಲಿ ದುಃಖ ಕಾಣಿಸುವುದೇ ಇಲ್ಲ. ಸಿಟ್ಟು ಜಾಸ್ತಿಯಾಗುತ್ತದೆ, ಕುಡಿತ ಜಾಸ್ತಿಯಾಗುತ್ತದೆ, ಸಣ್ಣ ವಿಷಯಕ್ಕೆ ಹರಿಹಾಯುತ್ತಾರೆ. ಅಂಥವರನ್ನು ಯಾರೂ ವಿಚಾರಿಸುವುದಿಲ್ಲ, ದೂರ ಇಡುತ್ತಾರೆ ಅಷ್ಟೆ. ಅವರನ್ನೂ ಕೇಳಿ.

'ಏನೂ ಇಲ್ಲ' ಅಂದರೆ ಕೆದಕಬೇಡಿ. 'ಸರಿ. ಇವತ್ತೇ ಹೇಳಬೇಕು ಅಂತೇನಿಲ್ಲ, ನಾನು ಮುಂದಿನ ವಾರ ಮತ್ತೆ ಕೇಳ್ತೀನಿ' ಅನ್ನಿ. ಮುಂದಿನ ವಾರ ಕೇಳಿ. ಎರಡನೇ ಸಲ ಕೇಳಿದಾಗಲೇ, ಇವರು ಸುಮ್ನೆ ಮಾತಿಗೆ ಕೇಳಿದ್ದಲ್ಲ ಅಂತ ಎದುರಿನವರಿಗೆ ಗೊತ್ತಾಗುವುದು.

ಕೇಳಿಸಿಕೊಳ್ಳುವುದು

ಕೇಳುವುದಕ್ಕಿಂತ ಕಷ್ಟದ ಕೆಲಸ ಇದು. ನಮಗೆ ಪ್ರೀತಿ ಇರುತ್ತದೆ, ಅದಕ್ಕೇ ಅವಸರ. ಎದುರಿನವರ ಕಷ್ಟ ಕೇಳಿ ನಮಗೇ ತಡೆಯೋಕಾಗದೆ ಒಂದು ಪರಿಹಾರ ಹುಡುಕಿ ಕೊಟ್ಟುಬಿಡುತ್ತೇವೆ. 'ಧೈರ್ಯ ತಗೋ.' 'ಇದೆಲ್ಲ ಎಲ್ಲರಿಗೂ ಇರೋದೇ.' 'ನಿನಗೇನು ಕಡಿಮೆಯಾಗಿದೆ ಹೇಳು?' 'ಬೆಳಗ್ಗೆ ಬೇಗ ಎದ್ದು ವಾಕಿಂಗ್ ಹೋಗು.' ಇವೆಲ್ಲ ಕೆಟ್ಟ ಮನಸ್ಸಿನಿಂದ ಬರುವ ಮಾತುಗಳಲ್ಲ. ಆದರೆ ಹಾಸಿಗೆಯಿಂದ ಏಳುವುದೇ ಬೆಟ್ಟ ಹತ್ತಿದ ಹಾಗಾಗಿರುವವರಿಗೆ 'ಧೈರ್ಯ ತಗೋ' ಅಂದರೆ ಅವರಿಗೆ ಕೇಳಿಸುವುದು 'ನೀನು ಹೇಡಿ' ಅಂತ.

ಹತ್ತಿರದಿಂದ ನೋಡೋಣ. ಇಬ್ಬರು ಗೆಳತಿಯರು ಸಂಜೆ ನಡೆಯುತ್ತಿದ್ದಾರೆ.

'ಮಗು ಹುಟ್ಟಿದ ಮೇಲೆ ನನಗೆ ಏನೂ ಬೇಡ ಅನಿಸ್ತಿದೆ,' ಅನ್ನುತ್ತಾಳೆ ಒಬ್ಬಳು.

'ಅಯ್ಯೋ, ಮುದ್ದಾದ ಮಗು ಇದೆ, ಇನ್ನೇನು ಬೇಕು ನಿನಗೆ' ಅನ್ನುವ ಮಾತು ಇನ್ನೊಬ್ಬಳ ಬಾಯಿಯವರೆಗೆ ಬರುತ್ತದೆ. ಅವಳು ಅದನ್ನು ನುಂಗಿಕೊಳ್ಳುತ್ತಾಳೆ. ಹತ್ತು ಹೆಜ್ಜೆ ಮಾತಿಲ್ಲ.

'ಏನೂ ಬೇಡ ಅಂದ್ರೆ?'

'ಅಳ್ತಾ ಇದ್ರೂ ಎತ್ಕೊಳ್ಳೋಕೆ ಕೈ ಬರಲ್ಲ. ನಾನು ಕೆಟ್ಟ ತಾಯಿ.'

'ಅಳು ಕೇಳಿಸುತ್ತೆ, ಆದ್ರೆ ಕೈ ಮೇಲೇಳಲ್ಲ. ಆಮೇಲೆ ನಿನ್ನನ್ನ ನೀನೇ ಬೈಕೊಳ್ತೀಯ.'

'ಹೂಂ. ದಿನಾ.'

ಇಲ್ಲಿ ಗೆಳತಿ ಮಾಡಿದ್ದು ಮೂರೇ ಕೆಲಸ. ಸುಮ್ಮನಿದ್ದಳು, ಒಂದು ಪ್ರಶ್ನೆ ಕೇಳಿದಳು, ಕೇಳಿದ್ದನ್ನು ತನ್ನ ಮಾತಿನಲ್ಲಿ ವಾಪಸ್ ಹೇಳಿದಳು. ಅಷ್ಟಕ್ಕೆ 'ದಿನಾ' ಅನ್ನುವುದು ಹೊರಬಂತು. ಹೆರಿಗೆಯ ನಂತರದ ಖಿನ್ನತೆ ಅಪರೂಪವಲ್ಲ, ಚಿಕಿತ್ಸೆಯಿಂದ ಚೆನ್ನಾಗಿ ಗುಣವಾಗುತ್ತದೆ. ಅವಳು ಡಾಕ್ಟರ ಹತ್ತಿರ ಹೋಗುವ ದಾರಿ ಆ ಸಂಜೆ ಶುರುವಾಯಿತು. 'ಮುದ್ದಾದ ಮಗು ಇದೆ' ಅಂದಿದ್ದರೆ 'ಹೌದು' ಅಂತ ನಕ್ಕು ಮನೆಗೆ ಹೋಗುತ್ತಿದ್ದಳು.

ಸಲಹೆ ಕೊಡಲೇಬಾರದು ಅಂತಲ್ಲ. ಕೇಳಿ ಕೊಡಿ: 'ನಾನು ಸುಮ್ನೆ ಕೇಳಿಸ್ಕೊಂಡ್ರೆ ಸಾಕಾ, ಇಲ್ಲ ಏನು ಮಾಡಬಹುದು ಅಂತ ಒಟ್ಟಿಗೆ ಯೋಚನೆ ಮಾಡೋಣ್ವಾ?' ಯೋಚನೆ ಮಾಡೋಣ ಅಂದರೆ ಎಲ್ಲ ಸಮಸ್ಯೆಗೂ ಒಟ್ಟಿಗೆ ಕೈ ಹಾಕಬೇಡಿ. ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡಾ ಅನ್ನುವ ಮನೋವೈದ್ಯರು 2006ರಲ್ಲಿ ಶುರು ಮಾಡಿದ 'ಫ್ರೆಂಡ್‌ಶಿಪ್ ಬೆಂಚ್' ನಡೆಯುವುದು ಹೀಗೇ. ಅಲ್ಲಿ ಮನೋವೈದ್ಯರ ಸಂಖ್ಯೆ ಬೆರಳೆಣಿಕೆಯಷ್ಟಿತ್ತು. ಅವರು ಅಜ್ಜಿಯರಿಗೆ ತರಬೇತಿ ಕೊಟ್ಟರು. ಕ್ಲಿನಿಕ್ಕಿನ ಹೊರಗೆ ಒಂದು ಮರದ ಬೆಂಚು, ಅದರ ಮೇಲೆ ಅಜ್ಜಿ, ಪಕ್ಕದಲ್ಲಿ ಬಂದವರು. ಅಜ್ಜಿ ಪೂರ್ತಿ ಕಥೆ ಕೇಳುತ್ತಾರೆ. ಆಮೇಲೆ ಬಂದವರೇ ತಮ್ಮ ಕಷ್ಟಗಳನ್ನು ಒಂದೊಂದಾಗಿ ಹೇಳಿ, ಅದರಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು, ಅದಕ್ಕೆ ಈ ವಾರ ಮಾಡಬಹುದಾದ ಒಂದು ಸಣ್ಣ ಕೆಲಸ ಏನು ಅಂತ ಹುಡುಕುತ್ತಾರೆ. ಮುಂದಿನ ವಾರ ಮತ್ತೆ ಬೆಂಚಿಗೆ ಬರುತ್ತಾರೆ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆಂಚಿಗೆ ಬಂದವರಲ್ಲಿ ಆರು ತಿಂಗಳ ನಂತರ ಖಿನ್ನತೆ, ಆತಂಕದ ಲಕ್ಷಣಗಳು ಮಾಮೂಲಿ ಆರೈಕೆ ಪಡೆದವರಿಗಿಂತ ಸ್ಪಷ್ಟವಾಗಿ ಕಡಿಮೆ ಇದ್ದವು. ಆ ಅಜ್ಜಿಯರಿಗೆ ಡಿಗ್ರಿ ಇರಲಿಲ್ಲ, ತರಬೇತಿ ಇತ್ತು, ಪುರುಸೊತ್ತು ಇತ್ತು, ಸಮುದಾಯದಲ್ಲಿ ಅವರ ಮಾತಿಗೆ ಬೆಲೆ ಇತ್ತು. ನನಗೆ ಈ ಪ್ರಯೋಗದ ಮೇಲೆ ತುಂಬಾ ಗೌರವ.

ಸಾಯುವ ಮಾತು ಬಂದರೆ

ಎಲ್ಲರೂ ಹೆದರುವ ಜಾಗ ಇದು. ಹೆದರಿಕೆಯಿಂದಲೇ ಎಷ್ಟೋ ಜನ ಕೇಳದೇ ಉಳಿಯುತ್ತಾರೆ, ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೇನೋ ಅಂತ. ಹಾಗಾಗುವುದಿಲ್ಲ. ನೇರವಾಗಿ ಕೇಳಿದ್ದರಿಂದ ಆ ಯೋಚನೆ ಹೆಚ್ಚುವುದಿಲ್ಲ ಅಂತ ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಒಬ್ಬರಾದರೂ ಕೇಳಿದರಲ್ಲ ಅಂತ ಎಷ್ಟೋ ಜನರಿಗೆ ಹಗುರವಾಗುತ್ತದೆ. ಪ್ರಪಂಚದಲ್ಲಿ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಜನ ಆತ್ಮಹತ್ಯೆಯಿಂದ ಸಾಯುತ್ತಾರೆ. ಸಂಕೋಚಪಡುವ ವಿಷಯವಲ್ಲ ಇದು.

'ನಾನಿಲ್ಲದಿದ್ರೆ ನಿಮಗೆಲ್ಲ ನೆಮ್ಮದಿ', 'ಇನ್ನು ಸಾಕು' ಅನ್ನುವ ಮಾತು ಬಂದರೆ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ, ಬಹಳ ದಿನ ಕುಗ್ಗಿದ್ದವರು ಕಾರಣವೇ ಇಲ್ಲದೆ ಒಮ್ಮೆಲೇ ಶಾಂತರಾಗಿಬಿಟ್ಟರೆ, ತಡ ಮಾಡಬೇಡಿ. ಸುತ್ತಿ ಬಳಸಿ ಬೇಡ. 'ಸಾಯಬೇಕು ಅಂತ ಯೋಚನೆ ಬರ್ತಿದೆಯಾ?' ಅಂತ ಕೇಳಿ. 'ಹಾಗೇನೂ ಮಾಡ್ಕೊಳ್ಳಲ್ಲ ತಾನೇ?' ಅಂತ ಕೇಳಬೇಡಿ. ಅದು 'ಇಲ್ಲ' ಅನ್ನು ಅಂತ ಬೇಡಿಕೊಂಡ ಹಾಗೆ, ಅವರು ನಿಮ್ಮ ಸಮಾಧಾನಕ್ಕೆ 'ಇಲ್ಲ' ಅಂದುಬಿಡುತ್ತಾರೆ.

'ಹೌದು' ಅಂದರೆ ಬೆಚ್ಚಿಬೀಳಬೇಡಿ, ಬೈಯಬೇಡಿ, ಮನೆಯವರ ಗತಿ ಏನು ಅಂತ ಕೇಳಬೇಡಿ. ಹೇಳಿದ್ದು ಒಳ್ಳೆಯದಾಯಿತು ಅನ್ನಿ. ಹೇಗೆ, ಯಾವಾಗ ಅಂತೇನಾದರೂ ತೀರ್ಮಾನ ಮಾಡಿದ್ದಾರಾ, ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯಾ ಅಂತ ಕೇಳಿ. ಇದೆ ಅಂದರೆ ಒಂಟಿಯಾಗಿ ಬಿಡಬೇಡಿ. ಅದನ್ನು ಅಲ್ಲಿಂದ ದೂರ ಸಾಗಿಸಿ, ಮನೆಯವರನ್ನೋ ನಂಬಿಕೆಯ ಇನ್ನೊಬ್ಬರನ್ನೋ ಕರೆಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದೂರ ಸಾಗಿಸಿದರೆ ಏನಾಗುತ್ತದೆ, ಬೇರೆ ದಾರಿ ಹುಡುಕುತ್ತಾರಲ್ಲ ಅಂತ ಕೆಲವರು ಅನ್ನುತ್ತಾರೆ. ತುಂಬಾ ಜನ ಹುಡುಕುವುದಿಲ್ಲ. ಆ ತೀವ್ರವಾದ ಗಳಿಗೆ ಎಷ್ಟೋ ಸಲ ಚಿಕ್ಕದು, ಅದು ದಾಟಿದರೆ ಮನುಷ್ಯ ಉಳಿಯುತ್ತಾನೆ. ಶ್ರೀಲಂಕಾ ತೀರಾ ಅಪಾಯಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು.

ಭಾರತದಲ್ಲಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಬೇರೆ ದೇಶದಲ್ಲಿದ್ದರೆ ಅಲ್ಲಿನ ನಂಬರ್ ಈಗಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಬೇಕಾದ ಹೊತ್ತಿನಲ್ಲಿ ಹುಡುಕುತ್ತಾ ಕೂರೋಕೆ ಆಗುವುದಿಲ್ಲ.

ಹೇಳಿದ್ದು ಎಲ್ಲಿ ಉಳಿಯಬೇಕು

ನಿಮಗೆ ಹೇಳಿದ್ದು ನಿಮ್ಮ ಹತ್ತಿರವೇ ಇರಲಿ. ಗಂಡನಿಗೆ ಹೇಳಿದರೆ ಪರವಾಗಿಲ್ಲ, ಅಕ್ಕನಿಗೆ ಹೇಳಿದರೆ ಪರವಾಗಿಲ್ಲ, 'ಅವನಿಗೋಸ್ಕರ ಪ್ರಾರ್ಥನೆ ಮಾಡಿ' ಅಂತ ಹತ್ತು ಜನಕ್ಕೆ ಹೇಳಿದರೆ ಪರವಾಗಿಲ್ಲ, ಹೀಗೇ ಅಲ್ವಾ ವಿಷಯ ಊರು ಸುತ್ತುವುದು? ಬೇರೆಯವರ ಸಹಾಯ ಬೇಕು ಅನಿಸಿದರೆ ಮೊದಲು ಅವರನ್ನೇ ಕೇಳಿ: 'ಇದನ್ನ ನಿನ್ನ ತಮ್ಮನಿಗೆ ಹೇಳಬಹುದಾ? ಏನೇನು ಹೇಳಲಿ, ಏನು ಬೇಡ?'

ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಈ ನಿಯಮ ಮುರಿಯಬೇಕು. ಅದನ್ನು ಮೊದಲೇ ಹೇಳಿಬಿಡಿ. 'ಯಾರಿಗೂ ಹೇಳಲ್ಲ ಅಂತ ಆಣೆ ಮಾಡು' ಅಂದರೆ 'ನಿನ್ನ ಜೀವದ ವಿಷಯ ಅಲ್ಲದಿದ್ರೆ ಯಾರಿಗೂ ಹೇಳಲ್ಲ' ಅನ್ನಿ. ಚಿಕ್ಕ ಮಕ್ಕಳು ತಮಗೆ ಯಾರೋ ತೊಂದರೆ ಕೊಡುತ್ತಿದ್ದಾರೆ ಅಂದಾಗಲೂ ಗುಟ್ಟು ಇಟ್ಟುಕೊಳ್ಳುವ ಮಾತು ಕೊಡಬೇಡಿ.

ಇನ್ನೊಂದು. ಮಾರನೇ ದಿನ ಅವರು ಎದುರಿಗೆ ಸಿಕ್ಕಾಗ ಮುಖದಲ್ಲಿ ಕನಿಕರ ತುಂಬಿಕೊಂಡು ನೋಡಬೇಡಿ. ಎಂದಿನಂತೆ ಮಾತಾಡಿ, ಕೆಲಸ ಹೇಳಿ, ಜಗಳ ಇದ್ದರೆ ಜಗಳವನ್ನೂ ಆಡಿ. ಹೇಳಿಕೊಂಡ ಮೇಲೂ ನಾನು ಮೊದಲಿನವನೇ ಅಂತ ಅವರಿಗೆ ಅನಿಸಬೇಕು.

ಗುಂಪಾಗಿ ಮಾತಾಡುವುದಾದರೆ

ಇಬ್ಬರ ನಡುವಿನ ಮಾತು ಒಂದಷ್ಟು ಕಡೆ ನಡೆಯತೊಡಗಿದ ಮೇಲೆ ಗುಂಪಿಗೆ ಹೋಗಿ. ಮೈಕ್, ವೇದಿಕೆ, ಬ್ಯಾನರ್ ಬೇಡ. ಎಂಟು ಹತ್ತು ಜನ, ಸುತ್ತ ಕುರ್ಚಿ, ತಿಂಗಳಿಗೊಮ್ಮೆ ಒಂದೇ ದಿನ ಒಂದೇ ಹೊತ್ತಿಗೆ. ಮೊದಲ ಎರಡು ಮೂರು ಸಲ ಮೂರೇ ಜನ ಬಂದರೂ ನಿಲ್ಲಿಸಬೇಡಿ, ಇದು ನಡೆಯುತ್ತಲೇ ಇರುತ್ತದೆ ಅನ್ನುವ ನಂಬಿಕೆ ಬರೋಕೆ ಸಮಯ ಬೇಕು.

ಶುರುವಿನಲ್ಲಿ ನಿಯಮ ಬಾಯಿಬಿಟ್ಟು ಹೇಳಿ, ಪ್ರತಿ ಸಲವೂ ಹೇಳಿ. ಇಲ್ಲಿ ಕೇಳಿದ್ದು ಹೊರಗೆ ಹೋಗುವುದಿಲ್ಲ, ಜೀವಕ್ಕೆ ಅಪಾಯ ಇದ್ದಾಗ ಬಿಟ್ಟು. ಮಾತಾಡಲೇಬೇಕು ಅಂತಿಲ್ಲ, ಸುಮ್ಮನೆ ಕೂತು ಹೋಗಬಹುದು. ಕೇಳದೆ ಸಲಹೆ ಕೊಡುವಂತಿಲ್ಲ. ಫೋಟೊ ಇಲ್ಲ, ರೆಕಾರ್ಡಿಂಗ್ ಇಲ್ಲ. ಈ ಕೊನೆಯದರಲ್ಲಿ ಒಂಚೂರೂ ಸಡಿಲ ಬಿಡಬೇಡಿ. 'ನಮ್ಮ ಕಾರ್ಯಕ್ರಮ' ಅಂತ ಒಂದು ಫೋಟೊ ಹಾಕಿದರೆ ಅಲ್ಲಿ ಕೂತಿದ್ದ ಪ್ರತಿಯೊಬ್ಬರ ಗುಟ್ಟನ್ನೂ ಹೊರಗಿಟ್ಟ ಹಾಗೆ.

ಯಾರು ಮೊದಲು ಮಾತಾಡಬೇಕು? ನನ್ನ ಪ್ರಕಾರ ತಜ್ಞರಲ್ಲ, ಅನುಭವಿಸಿ ದಾಟಿ ಬಂದವರು. ಮಾನಸಿಕ ತೊಂದರೆಯ ಬಗೆಗಿನ ತಿರಸ್ಕಾರ ಕಡಿಮೆ ಮಾಡಲು ಏನು ಕೆಲಸ ಮಾಡುತ್ತದೆ ಅಂತ 2022ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗವೊಂದು ವಿವರವಾಗಿ ನೋಡಿತು. ಅದರ ಮುಖ್ಯ ತೀರ್ಮಾನ, ಅನುಭವ ಇದ್ದವರ ಜೊತೆ ನೇರ ಒಡನಾಟವೇ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ. ಹಿರಿಯ ಸ್ಥಾನದಲ್ಲಿರುವವರು ಹೇಳಿಕೊಂಡರೆ ಇನ್ನೂ ಒಳ್ಳೆಯದು. ನಾರ್ವೆಯ ಪ್ರಧಾನಿ ಶೆಲ್ ಮಾಗ್ನೆ ಬೋಂದೆವಿಕ್ 1998ರಲ್ಲಿ ತಮಗೆ ಖಿನ್ನತೆ ಆಗಿದೆ, ಅದಕ್ಕೇ ರಜೆ ಹಾಕುತ್ತಿದ್ದೇನೆ ಅಂತ ಇಡೀ ದೇಶಕ್ಕೆ ಹೇಳಿದರು. ಕೆಲವು ವಾರಗಳ ನಂತರ ಕೆಲಸಕ್ಕೆ ವಾಪಸ್ ಬಂದರು. 2001ರಲ್ಲಿ ಮತ್ತೆ ಪ್ರಧಾನಿಯಾದರು. ಪ್ರಧಾನಿಯೇ ಹೇಳಿಕೊಂಡು ಕೆಲಸಕ್ಕೆ ಮರಳಿದ್ದನ್ನು ಕಂಡ ಮೇಲೆ 'ಹೇಳಿದರೆ ಎಲ್ಲ ಹೋಯಿತು' ಅನ್ನುವ ಹೆದರಿಕೆ ಸ್ವಲ್ಪವಾದರೂ ಸಡಿಲವಾಗುತ್ತದೆ ಅಲ್ವಾ? ನಿಮ್ಮ ಸಂಘದ ಅಧ್ಯಕ್ಷರು, ಶಾಲೆಯ ಮುಖ್ಯೋಪಾಧ್ಯಾಯರು, ತಂಡದ ನಾಯಕಿ, ಇವರಲ್ಲಿ ಯಾರಿಗಾದರೂ ಇಂಥ ಅನುಭವ ಇದ್ದು ಹೇಳಿಕೊಳ್ಳಲು ಮನಸ್ಸಿದ್ದರೆ ಅವರನ್ನೇ ಕೇಳಿ.

ಆದರೆ ಒತ್ತಾಯ ಬೇಡ. ಈಗಷ್ಟೇ ಕಷ್ಟದಲ್ಲಿರುವವರನ್ನು ಕೂರಿಸಿ ಮಾತಾಡಿಸಬೇಡಿ. ಏನು ಹೇಳಬೇಕು, ಏನು ಹೇಳಬಾರದು ಅಂತ ಮೊದಲೇ ಅವರ ಜೊತೆ ಕೂತು ತೀರ್ಮಾನ ಮಾಡಿ. ಮಧ್ಯದಲ್ಲಿ ಬೇಡ ಅನಿಸಿದರೆ ನಿಲ್ಲಿಸಬಹುದು ಅಂತ ಹೇಳಿ. ಮರುದಿನ ಫೋನ್ ಮಾಡಿ, ಹೇಳಿಕೊಂಡ ಮೇಲೆ ರಾತ್ರಿ ನಿದ್ದೆ ಬರದೇ ಇರುವುದು ಉಂಟು.

ಒಬ್ಬರು ಅಳತೊಡಗಿದರೆ ತಕ್ಷಣ ನೀರು, ಕರ್ಚೀಫು ಅಂತ ಓಡಾಡಬೇಡಿ, ಅಳು ನಿಲ್ಲಿಸು ಅಂತ ಹೇಳಿದ ಹಾಗಾಗುತ್ತದೆ. ಸ್ವಲ್ಪ ಹೊತ್ತು ಬಿಡಿ. ಒಬ್ಬರೇ ಅರ್ಧ ಗಂಟೆ ಮಾತಾಡಿದರೆ 'ನಿಮ್ಮದು ಇನ್ನೂ ಇದೆ ಅಂತ ಗೊತ್ತು, ಆಮೇಲೆ ನಾವಿಬ್ಬರೇ ಕೂತು ಮಾತಾಡೋಣ' ಅಂತ ಮುಂದಿನವರ ಕಡೆ ತಿರುಗಿ. 'ಈಗಿನ ಮಕ್ಕಳಿಗೆ ತಡೆದುಕೊಳ್ಳೋ ಶಕ್ತಿನೇ ಇಲ್ಲ' ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಅವರ ಜೊತೆ ವಾದಕ್ಕೆ ಇಳಿಯಬೇಡಿ. 'ನಿಮ್ಮ ಆ ವಯಸ್ಸಿನಲ್ಲಿ ನೀವು ಯಾರ ಹತ್ತಿರ ಹೇಳ್ಕೊಳ್ತಿದ್ರಿ?' ಅಂತ ಕೇಳಿ. ಉತ್ತರ ಬಹಳ ಸಲ 'ಯಾರ ಹತ್ತಿರಾನೂ ಇಲ್ಲ' ಅಂತ ಬರುತ್ತದೆ, ಮಾತು ಅಲ್ಲಿಂದ ಬೇರೆ ದಿಕ್ಕು ಹಿಡಿಯುತ್ತದೆ. ಹೆಚ್ಚಿನ ಮಾನಸಿಕ ತೊಂದರೆಗಳು ಮೊದಲ ಸಲ ಕಾಣಿಸಿಕೊಳ್ಳುವುದೇ 25 ವರ್ಷದ ಒಳಗೆ. ಹಾಗಾಗಿ ಹುಡುಗ ಹುಡುಗಿಯರಿಗೆ ಹಿರಿಯರಿಲ್ಲದ ಪ್ರತ್ಯೇಕ ಗುಂಪು ಇದ್ದರೆ ಒಳ್ಳೆಯದು.

ಡಾಕ್ಟರ ಹತ್ತಿರ ಹೋಗುವ ತನಕ

ಕುಗ್ಗಿದ ಮನಸ್ಸು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರಕ್ಕಿಂತ ಜಾಸ್ತಿ, ಹೆಚ್ಚುಕಡಿಮೆ ದಿನಾ ಇದ್ದರೆ, ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ತಜ್ಞರಿಗೆ ತೋರಿಸಬೇಕು. ಯಾರಿಗೂ ಕೇಳಿಸದ ದನಿ ಕೇಳುತ್ತಿದೆ, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಅನ್ನುವವರನ್ನು ಎರಡು ವಾರ ಕಾಯಿಸಬೇಡಿ. ಅವರ ಜೊತೆ 'ಅದು ಸುಳ್ಳು' ಅಂತ ವಾದ ಬೇಡ, 'ಹೌದು ನಿಜ' ಅನ್ನುವುದೂ ಬೇಡ. 'ನಿನಗೆ ತುಂಬಾ ಹೆದರಿಕೆ ಆಗ್ತಿದೆ ಅಂತ ಕಾಣುತ್ತೆ' ಅಂದರೆ ಅದು ಸತ್ಯವೇ.

ಬರೀ 'ಡಾಕ್ಟರಿಗೆ ತೋರಿಸು' ಅಂದು ಬಿಡಬೇಡಿ. ಖಿನ್ನತೆಯಲ್ಲಿರುವವರಿಗೆ ನಂಬರ್ ಹುಡುಕಿ ಫೋನ್ ಮಾಡುವುದೇ ದೊಡ್ಡ ಕೆಲಸ. ಪಕ್ಕದಲ್ಲಿ ಕೂತು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಆ ದಿನ ಜೊತೆಗೆ ಹೋಗಿ ಹೊರಗೆ ಕಾಯಿರಿ. ಮನೋವೈದ್ಯರು ಔಷಧಿ ಬರೆಯುತ್ತಾರೆ, ಆಪ್ತ ಸಮಾಲೋಚಕರು ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ, ಎಷ್ಟೋ ಜನರಿಗೆ ಎರಡೂ ಬೇಕಾಗುತ್ತದೆ ಅಂತ ಮೊದಲೇ ಹೇಳಿದರೆ ಗಾಬರಿ ಕಡಿಮೆ. ಖಿನ್ನತೆಯ ಮಾತ್ರೆ ಪೂರ್ತಿ ಕೆಲಸ ಶುರು ಮಾಡಲು ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ 'ಏನೂ ಆಗ್ಲಿಲ್ಲ' ಅಂತ ಬಿಡುವವರು, ಸ್ವಲ್ಪ ಹುಷಾರಾದ ಕೂಡಲೇ ತಾವಾಗೇ ನಿಲ್ಲಿಸುವವರು ತುಂಬಾ ಜನ. ಎರಡನ್ನೂ ಡಾಕ್ಟರನ್ನು ಕೇಳದೆ ಮಾಡಬಾರದು. ಮೊದಲ ಡಾಕ್ಟರ ಜೊತೆ ಮಾತು ಹೊಂದಿಕೆಯಾಗದಿದ್ದರೆ ಇನ್ನೊಬ್ಬರ ಹತ್ತಿರ ಹೋಗಬಹುದು, ಅದರಲ್ಲಿ ತಪ್ಪೇನಿಲ್ಲ.

ಆಮೇಲೆ

ಮೊದಲ ವಾರ ಎಲ್ಲರೂ ವಿಚಾರಿಸುತ್ತಾರೆ. ಮೂರನೇ ವಾರ ಯಾರೂ ಇರುವುದಿಲ್ಲ. ನೀವು ಆ ಮೂರನೇ ವಾರಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಉದ್ದ ಮಾತು ಬೇಡ: 'ಇವತ್ತು ನೆನಪಾದೆ. ಉತ್ತರ ಕೊಡಲೇಬೇಕು ಅಂತಿಲ್ಲ.' 'ಏನಾದ್ರೂ ಬೇಕಿದ್ರೆ ಹೇಳು' ಅನ್ನುವುದಕ್ಕಿಂತ 'ನಾಳೆ ಸಂಜೆ ಮಕ್ಕಳನ್ನ ನಾನು ನೋಡ್ಕೊಳ್ತೀನಿ, ನೀನು ಮಲಗು' ಅನ್ನುವುದು ಒಳ್ಳೆಯದು. ಮೊದಲನೆಯದಕ್ಕೆ ಏನು ಬೇಕು ಅಂತ ಅವರೇ ಯೋಚಿಸಿ, ಬಾಯಿಬಿಟ್ಟು ಕೇಳಬೇಕು. ಎರಡನೆಯದಕ್ಕೆ ಹೂಂ ಅಂದರೆ ಸಾಕು.

ಕೇಳಿಸಿಕೊಳ್ಳುವವರಿಗೂ ಭಾರವಾಗುತ್ತದೆ. ಒಬ್ಬರೇ ಹೊರಬೇಡಿ, ಆ ಗುಂಪು ನಡೆಸುವವರು ಇಬ್ಬರು ಮೂವರು ಇರಲಿ, ಸರದಿ ಮೇಲೆ ಮಾಡಲಿ. ರಾತ್ರಿ ಎರಡು ಗಂಟೆಗೆ ಬರುವ ಪ್ರತಿ ಕರೆಗೂ ನಾನೇ ಸಿಗುತ್ತೇನೆ ಅಂತ ಮಾತು ಕೊಡಬೇಡಿ, ಆ ಹೊತ್ತಿಗೆ ಸಹಾಯವಾಣಿ ಇದೆ ಅಂತ ಹೇಳಿಡಿ. ಕೇಳಿದ ಮಾತುಗಳು ತಲೆಯಲ್ಲಿ ತಿರುಗುತ್ತಾ ನಿದ್ದೆ ಕೆಡಿಸಿದರೆ, ಹೆಸರು, ಗುರುತು ಯಾವುದೂ ಹೇಳದೆ ನಿಮ್ಮ ಭಾರದ ಬಗ್ಗೆ ಮಾತ್ರ ಒಬ್ಬ ಸಮಾಲೋಚಕರ ಹತ್ತಿರ ಮಾತಾಡಿ. ಒಂದೆರಡು ತಿಂಗಳು ಗುಂಪಿನಿಂದ ಬಿಡುವು ಬೇಕು ಅನಿಸಿದರೆ ಅದನ್ನೂ ಗುಂಪಿನಲ್ಲೇ ಹೇಳಿ ತೆಗೆದುಕೊಳ್ಳಿ.